ಬೂದಿಯ ಮೇಲೆ ಹೆಬ್ಬಲಸು

ನಾನು ಒಂದು ತಟ್ಟೆ. ಉಣ್ಣುವ ತಟ್ಟೆಯಲ್ಲ, ಹಾಡುವ ತಟ್ಟೆ. ಗ್ರಾಮಫೋನ್ ರೆಕಾರ್ಡು ಎಂದರೆ ನಿಮಗೆ ಬೇಗ ತಿಳಿದೀತು. ಕಪ್ಪು ಮೈ, ನಡುವೆ ಒಂದು ತೂತು, ತೂತಿನ ಸುತ್ತ ಹಳದಿ ಕಾಗದದ ಬಿಲ್ಲೆ, ಮೈತುಂಬ ಕೂದಲೆಳೆಗಿಂತ ಸಣ್ಣ ಗೆರೆ. ಆ ಗೆರೆಯಲ್ಲಿ ಏನು ಬರೆದಿದೆಯೆಂದು ಮೊದಮೊದಲು ನನಗೂ ತಿಳಿದಿರಲಿಲ್ಲ. ತನ್ನ ಹಣೆಬರಹವನ್ನು ತಾನೇ ಓದಿಕೊಂಡು ಹುಟ್ಟಿದವರು ಯಾರಿದ್ದಾರೆ? ಮುಳ್ಳು ಬಂದು ಮುಟ್ಟಬೇಕು, ಆಗಲೇ ಒಳಗಿನದು ಹೊರಗೆ ಬರುವುದು.

ಹುಟ್ಟಿದ್ದು ಒಂದು ಬಿಸಿ ಶೆಡ್ಡಿನಲ್ಲಿ. ಕಪ್ಪು ಹರಳನ್ನು ಕರಗಿಸಿ ಉಂಡೆ ಕಟ್ಟಿದರು. ಮೇಲೊಂದು ಬಿಲ್ಲೆ, ಕೆಳಗೊಂದು ಬಿಲ್ಲೆ ಇಟ್ಟು ಯಂತ್ರ ನನ್ನನ್ನು ಒತ್ತಿತು. ಅಯ್ಯೋ ಎನ್ನುವುದರೊಳಗೆ ನಾನು ಹಪ್ಪಳವಾಗಿದ್ದೆ. ಬಿಲ್ಲೆಗೆ ಅಂಟು ಬೇಕಿಲ್ಲ, ಆ ಬಿಸಿಗೆ ಅದು ಮೈಗೆ ಹತ್ತಿಬಿಡುತ್ತದೆ. ಆಮೇಲೆ ಚರ್ಮ ಕಿತ್ತರೂ ಬರದು. ಬಿಲ್ಲೆಯ ಮೇಲೆ ‘ಹೆಬ್ಬಲಸು’ ಎಂದು ಹೆಸರಿತ್ತು. ಅದರ ಕೆಳಗೆ ಒಂದರಲ್ಲಿ ‘ಒಂದನೇ ಮುಖ’, ಇನ್ನೊಂದರಲ್ಲಿ ‘ಎರಡನೇ ಮುಖ’.

ಬಿಲ್ಲೆಯ ಕಟ್ಟನ್ನು ಯಂತ್ರಕ್ಕೆ ಇಟ್ಟವನ ಮನಸ್ಸು ಆ ದಿನ ಎಲ್ಲಿತ್ತೋ, ಅವನನ್ನು ಅಲ್ಲಿ ನಿಲ್ಲಿಸಿದ ದೇವರೇ ಬಲ್ಲ. ಮೇಲಿನದನ್ನು ಕೆಳಗಿಟ್ಟ, ಕೆಳಗಿನದನ್ನು ಮೇಲಿಟ್ಟ. ನನ್ನ ಮೈಯ ಅಂಚಿನಲ್ಲಲ್ಲ, ಹಾಡು ಮುಗಿದು ಬಿಲ್ಲೆ ಶುರುವಾಗುವ ನುಣುಪು ಜಾಗದಲ್ಲಿ, ಅಚ್ಚಿನವರು ಕೊರೆದ ಸಣ್ಣ ಗುರುತೊಂದಿದೆ. ಅದು ‘ಎರಡು’ ಎನ್ನುತ್ತಿತ್ತು, ಬಿಲ್ಲೆ ‘ಒಂದು’ ಎನ್ನುತ್ತಿತ್ತು. ನಾನು ದಂಗಾದೆ. ಕೂಗಿ ಹೇಳೋಣವೆಂದರೆ ತಟ್ಟೆಗೆ ತನ್ನದೇ ಮಾತು ಎಲ್ಲಿದೆ? ನನ್ನ ಜೊತೆ ಹುಟ್ಟಿದ ಅಣ್ಣತಮ್ಮಂದಿರೆಲ್ಲ ಹಣೆಯ ಮೇಲೆ ತಪ್ಪು ನಾಮ ಹೊತ್ತು ಸಾಲಾಗಿ ಪೆಟ್ಟಿಗೆ ಸೇರಿದರು.

ಪೆಟ್ಟಿಗೆ ಬಿಚ್ಚಿದವರು ಮಂಗಳೂರಿನ ಸಿಪ್ರಿಯನ್ ರೇಗೊ. ಬೆಳ್ಳಗಿನ ಜಡೆಗೂದಲು, ಕೊರಳಲ್ಲಿ ಶಿಲುಬೆ, ಬೆರಳ ತುದಿಯಲ್ಲಿ ಗಿಟಾರಿನ ತಂತಿ ಕೊರೆದ ಗಂಟು. ಯೌವನದಲ್ಲಿ ‘ಉಪ್ಪು ನೀರು’ ಎಂಬ ಬ್ಯಾಂಡು ಕಟ್ಟಿದವರು. ಪ್ರೊಗ್ರೆಸಿವ್ ರಾಕ್ ಎಂದು ಅದಕ್ಕೆ ಹೆಸರಂತೆ. ಒಂದೇ ಹಾಡಿನಲ್ಲಿ ತಾಳ ಮುರಿದು ಬೇರೆ ತಾಳ, ಅದು ಮುರಿದು ಮತ್ತೊಂದು; ಗಿಟಾರು ಅತ್ತರೆ ಇಗರ್ಜಿಯ ಆರ್ಗನ್ನು ಸಮಾಧಾನ ಮಾಡುವುದು. ಮದುವೆ ಮನೆಯಲ್ಲಿ ಇವರು ಹಾಡು ಶುರು ಮಾಡಿದಾಗ ಊಟಕ್ಕೆ ಎದ್ದವರು ಪಾಯಸ ಮುಗಿಸಿ ಬೀಡ ಹಾಕಿ ಬಂದರೂ ಅದೇ ಹಾಡು ನಡೆಯುತ್ತಿತ್ತಂತೆ.

ಆ ಬ್ಯಾಂಡಿನ ಡ್ರಮ್ ಬಾರಿಸುತ್ತಿದ್ದವರು ಸಸಿಹಿತ್ಲಿನ ವಾಮನ ಪುತ್ರನ್. ಹಗಲು ದೋಣಿ, ಸಂಜೆ ಡ್ರಮ್. ಅಪ್ಪನ ಕಾಲದಲ್ಲಿ ಹೆಬ್ಬಲಸಿನ ಮರ ಕಡಿದು ಕೊರೆದ ದೋಣಿ ಅವರದು. ವಾಮನ ತೀರಿಕೊಂಡ ಮೇಲೆ ದೋಣಿ ಮರಳಿನ ಮೇಲೆ ಬೋರಲು ಬಿದ್ದು ಹುಳು ಹಿಡಿಯಿತು. ಕೊನೆಗೆ ಮನೆಯವರು ಅದನ್ನು ಕಡಲ ಕರೆಯ ಆ ಮರಳಿನಲ್ಲೇ ಸುಟ್ಟರು. ಆ ಬೆಂಕಿಯ ಮುಂದೆ ಸಿಪ್ರಿಯನ್ನರೂ ನಿಂತು ಅತ್ತಿದ್ದರು. ಅಲ್ಲಿಂದ ಬಂದವರೇ ವರ್ಷಗಳಿಂದ ಮುಟ್ಟದ ಗಿಟಾರನ್ನು ಗೋಡೆಯಿಂದ ಇಳಿಸಿ ಈ ಕೊನೆಯ ಕೃತಿ ಕಟ್ಟಿದರು. ಒಂದು ಮುಖದಲ್ಲಿ ಮರ: ಎಲೆಯ ಸದ್ದು, ಕೊಡಲಿ, ಉಳಿ, ಕೊನೆಗೆ ದೋಣಿ ನೀರಿಗಿಳಿಯುವುದು. ಇನ್ನೊಂದು ಮುಖದಲ್ಲಿ ಕಡಲು: ಗಾಳಿ, ಬಲೆ, ದಡ, ಕೊನೆಗೆ ಬೆಂಕಿ. ಎರಡು ಮುಖ ಸೇರಿ ಒಂದೇ ಕಥೆ. ಅವರ ಲೆಕ್ಕದಲ್ಲಿ ಅದು ಬೂದಿಯಲ್ಲಿ ಮುಗಿಯಬೇಕಿತ್ತು.

ಅವರು ನನ್ನನ್ನು ಎತ್ತಿ ಬೆಳಕಿಗೆ ಹಿಡಿದರು, ಮುತ್ತು ಕೊಟ್ಟರು, ಚೀಲಕ್ಕೆ ಹಾಕಿದರು. ಕೇಳಲಿಲ್ಲ. ಅವರ ಮನೆಯ ಪ್ಲೇಯರು ಕೆಟ್ಟು ಅಟ್ಟ ಸೇರಿ ಎಷ್ಟೋ ಕಾಲವಾಗಿತ್ತು. “ಎಂತ ಕೇಳುದು? ನನ್ನ ತಲೆಯೊಳಗೇ ಉಂಟಲ್ಲ” ಎಂದು ನಕ್ಕು, ನನ್ನನ್ನು ಉಡುಪಿಯ ಒಂದು ವಿಳಾಸಕ್ಕೆ ಕಳಿಸಿದರು.

ಆ ವಿಳಾಸದಲ್ಲಿದ್ದವರು ಉಪೇಂದ್ರ ಸೋಮಯಾಜಿ. ವಾರಪತ್ರಿಕೆಯಲ್ಲಿ ಸಂಗೀತದ ವಿಮರ್ಶೆ ಬರೆಯುವವರು. ಅವರ ಕೋಣೆಯ ಕಪಾಟಿನಲ್ಲಿ ಹಿರಿಯ ತಟ್ಟೆಗಳು ನನಗೆ ಗುಟ್ಟು ಹೇಳಿದವು: ಇದೇ ಮಹಾರಾಯ ಹಿಂದೆ ‘ಉಪ್ಪು ನೀರು’ ಬ್ಯಾಂಡಿನ ಬಗ್ಗೆ “ಇವರ ಹಾಡಿಗೆ ಆರಂಭ ಉಂಟು, ಅಂತ್ಯ ಉಂಟು, ನಡುವೆ ಸೊಗಸಾದ ನಿದ್ದೆ ಉಂಟು” ಎಂದು ಬರೆದಿದ್ದರು, ಊರೆಲ್ಲ ಅದನ್ನೇ ಹೇಳಿ ನಕ್ಕಿತು, ಆಮೇಲೆ ಬ್ಯಾಂಡಿಗೆ ಯಾರೂ ಕರೆ ಕಳಿಸಲಿಲ್ಲ.

ಸೋಮಯಾಜಿಗಳು ಸ್ನಾನ, ಸಂಧ್ಯಾವಂದನೆ ಮುಗಿಸಿ, ಮೇಲುಹೊದಿಕೆ ಸರಿಮಾಡಿಕೊಂಡು ಕೂತರು. ಬಿಲ್ಲೆ ನೋಡಿ ‘ಒಂದನೇ ಮುಖ’ವನ್ನೇ ಮೇಲಿಟ್ಟರು. ಮುಳ್ಳು ಇಳಿಯಿತು. ಮೊದಲ ಸಲ ನನ್ನೊಳಗಿನದು ನನಗೇ ಕೇಳಿತು: ಭೋರೆಂಬ ಕಡಲು. ಕಡಲಿನ ಕೊನೆಗೆ ಚಟಚಟ ಬೆಂಕಿ. ಸೋಮಯಾಜಿಗಳು ಬೆಂಕಿ ಆರುವವರೆಗೆ ಕಣ್ಣು ಮುಚ್ಚಿ ಕೂತು, ಎದ್ದು ನನ್ನನ್ನು ಮಗುಚಿದರು. ಬೂದಿಯ ಆ ಮೌನದ ಮೇಲೆ ಒಂದು ಎಲೆ ಅಲುಗಿತು. ಮತ್ತೊಂದು ಎಲೆ. ಮರ ಬೆಳೆಯಿತು, ಕೊಡಲಿ ಬಿತ್ತು, ಉಳಿ ಆಡಿತು. ಕೊನೆಗೆ ದೋಣಿ ನೀರಿಗಿಳಿಯುವಾಗ ಒಬ್ಬ ಗಂಡಸು “ಐಲೇಸಾ” ಎಂದು ಕೂಗಿದ, ಜನ ದನಿಗೂಡಿಸಿದರು, ಅಲ್ಲಿಗೆ ಮುಗಿಯಿತು. ಸೋಮಯಾಜಿಗಳ ಗಡ್ಡ ಒದ್ದೆಯಾಗಿತ್ತು.

ಆ ವಾರದ ಪತ್ರಿಕೆಯಲ್ಲಿ ಅವರು ಬರೆದದ್ದಕ್ಕೆ ‘ಬೂದಿಯಿಂದ ಎದ್ದ ಮರ’ ಎಂದು ತಲೆಬರಹ. ಎಪ್ಪತ್ತು ದಾಟಿದವರು ಸಾವಿನಿಂದ ಶುರು ಮಾಡಿ ಹುಟ್ಟಿಗೆ ಬಂದು ನಿಲ್ಲುವ ಧೈರ್ಯ ತೋರಿದ್ದಾರೆ, ಹಿಂದೆ ನಿದ್ದೆ ಮಾಡಿದ್ದು ನಾನೇ, ಕ್ಷಮೆ ಇರಲಿ ಎಂದಿತ್ತು. ಓದಿದವರು ಹೌಹಾರಿದರು. ಸೋಮಯಾಜಿ ಕ್ಷಮೆ ಕೇಳುವುದೆಂದರೇನು!

ಆದರೆ ಬೆಂಗಳೂರಿನ ಒಬ್ಬ ವಿಮರ್ಶಕಿ, ಎಳೆ ವಯಸ್ಸಿನವಳು, ಅದೇ ಕೃತಿಯನ್ನು ಫೋನಿನಲ್ಲಿ ಕೇಳಿದ್ದಳು. ಫೋನಿಗೆ ಬಿಲ್ಲೆ ಎಲ್ಲಿದೆ? ಅಲ್ಲಿ ಕ್ರಮ ಸರಿಯಾಗಿತ್ತು. “ಕೇಳುಗರನ್ನು ಸುಡುಗಾಡಿನಲ್ಲಿ ಬಿಟ್ಟು ಬಾಗಿಲು ಹಾಕಿಕೊಂಡು ಹೋಗುವ ಕೃತಿ. ಸೋಮಯಾಜಿಯವರು ಕಂಡ ಮರ ಯಾವುದು? ಅವರು ಕೇಳಿದ್ದಾರೋ, ಕನಸು ಕಂಡಿದ್ದಾರೋ?” ಎಂದು ಬರೆದಳು. ತಟ್ಟೆ ಕೊಂಡವರೆಲ್ಲ ಸೋಮಯಾಜಿಗಳ ಕಡೆ, ಫೋನಿನವರೆಲ್ಲ ಅವಳ ಕಡೆ. ಒಬ್ಬರನ್ನೊಬ್ಬರು ಕಿವುಡರು ಎಂದು ಬೈದುಕೊಂಡರು. ನಾನು ಕಪಾಟಿನಲ್ಲಿ ಕೂತು ಬೆವರಿದೆ. ತಟ್ಟೆಗೆ ಬೆವರು ಬರುವುದಾದರೆ.

ಈ ಜಗಳ ಸಿಪ್ರಿಯನ್ನರ ಕಿವಿಗೆ ಬಿತ್ತು. ಸೋಮಯಾಜಿಗಳಿಗೆ ಫೋನು ಮಾಡಿದರು. ಅದೇ ದಿನ ಇನ್ನೊಂದು ಫೋನೂ ಬಂದಿತ್ತು. ವಾಮನನ ಹೆಂಡತಿ ಜಲಜಕ್ಕನದು. ಪತ್ರಿಕೆಯಲ್ಲಿ ಬಂದ ಆ ಮರವನ್ನು ತಾನು ಕೇಳಬೇಕು, ಮನೆಯಲ್ಲಿ ತಟ್ಟೆ ಇಲ್ಲ, ಬರಬಹುದೇ ಎಂದು. ಹಳೆಯ ಗೆಳೆಯರ ಮನೆಯವರು, ಒಬ್ಬರನ್ನೊಬ್ಬರು ಕಂಡು ಸಂತೋಷಪಡಲಿ ಎಂದು ಸೋಮಯಾಜಿಗಳು ಇಬ್ಬರಿಗೂ ಒಂದೇ ಸಂಜೆ ಬರಲು ಹೇಳಿದರು.

ಸಿಪ್ರಿಯನ್ನರು ಮೊದಲು ಬಂದರು. ಚಪ್ಪಲಿ ಬಿಡುತ್ತಲೇ ಶುರು.

“ಸೋಮಯಾಜಿಗಳೇ, ನೀವು ಬೈದಾಗಲೂ ಕೇಳ್ಲಿಲ್ಲ, ಈಗ ಹೊಗಳುವಾಗಲೂ ಕೇಳ್ಲಿಲ್ಲ ಮಾರಾಯ್ರೆ! ನನ್ನ ದೋಣಿ ಕೊನೆಗೆ ಸುಟ್ಟು ಹೋಗುದು. ನೀವು ಉಲ್ಟಾ ಇಟ್ಟು ಕೇಳಿದ್ದು.”

“ಉಲ್ಟಾ?” ಸೋಮಯಾಜಿಗಳ ಮೂಗು ಕೆಂಪಾಯಿತು. “ಕಣ್ಣು ಮಂಜಾಗಿದೆ ಅಂತ ‘ಒಂದು’ ಓದ್ಲಿಕ್ಕೂ ಬರುದಿಲ್ವಾ ನನಗೆ? ಇಲ್ಲಿ ನೋಡಿ, ಒಂದನೇ ಮುಖ. ನೀವೇ ಬರೆಸಿದ್ದು!”

ಮುಳ್ಳು ಇಳಿಸಿದರು. ಕಡಲು ಭೋರೆಂದಿತು. ಸಿಪ್ರಿಯನ್ನರು ಗರ ಬಡಿದವರಂತೆ ನಿಂತರು.

“ಜೆಜು ದೇವರೇ... ಇದು ಎರಡನೆಯದ್ದು.”

ನನ್ನನ್ನು ಕಿಟಕಿಯ ಬೆಳಕಿಗೆ ಒಯ್ದರು. ಭೂತಗನ್ನಡಿ ಹಿಡಿದು ನನ್ನ ಹೊಟ್ಟೆಯ ಮೇಲಿನ ಆ ಗುರುತನ್ನು ಕೊನೆಗೂ ಓದಿದರು. ಹುಟ್ಟಿದಂದಿನಿಂದ ನಾನು ಹೇಳಬೇಕೆಂದಿದ್ದ ಒಂದೇ ಮಾತು ಅದು.

“ನಾನು ಕ್ಷಮೆ ಕೇಳಿದ್ದು ಫ್ಯಾಕ್ಟರಿಯ ತಪ್ಪಿಗಾ?” ಎಂದು ಸೋಮಯಾಜಿಗಳು ಕುರ್ಚಿಯ ಮೇಲೆ ಕುಸಿದರು. “ಇರ್ಲಿ, ಮುಂದಿನ ವಾರ ನಿಜ ಬರೀತೇನೆ. ಆದ್ರೆ ಈಗ ಆ ಜಲಜಮ್ಮ ಬರ್ತಾರಲ್ಲ, ಅವ್ರಿಗೆ ಎಂತ ಹೇಳುದು? ಮರ ಕೇಳ್ಬೇಕು ಅಂತ ಬರುದು ಅವ್ರು.”

“ಜಲಜಾ? ಇಲ್ಲಿಗೆ?” ಸಿಪ್ರಿಯನ್ನರ ಕೈ ಶಿಲುಬೆಗೆ ಹೋಯಿತು. “ಅವಳು ನನ್ನ ಹತ್ರ ಮಾತು ಬಿಟ್ಟಿದ್ದಾಳೆ. ನಿಮಗೆ ಗೊತ್ತಿಲ್ಲ. ಈ ಬೆಂಕಿ ಉಂಟಲ್ಲ, ಇದು ನಿಜವಾದ ಬೆಂಕಿ. ವಾಮನನ ದೋಣಿ ಸುಡುವಾಗ ನನ್ನ ಕಿಸೆಯಲ್ಲಿ ರೆಕಾರ್ಡರ್ ಆನ್ ಇತ್ತು. ದೊಡ್ಡ ಕೆಲಸ ಮಾಡಿದೆ ಅಂತ ಆ ಬೆಂಕಿಯ ಸದ್ದನ್ನು ಅವಳಿಗೇ ಹೋಗಿ ಕೇಳಿಸಿದೆ. ಬಾಗಿಲು ಹಾಕಿದ್ಲು.”

ನನ್ನೊಳಗೆ ಉರಿಯುತ್ತಿದ್ದುದು ವಾದ್ಯದ ಬೆಂಕಿಯಲ್ಲ. ಒಬ್ಬ ಹೆಂಗಸಿನ ಎದೆಯ ಮುಂದೆ ಉರಿದ ಬೆಂಕಿ.

ಅಷ್ಟರಲ್ಲಿ ಅಂಗಳದಲ್ಲಿ ಬಳೆಯ ಸದ್ದಾಯಿತು. ಜಲಜಕ್ಕ ಬಂದರು. ಸಿಪ್ರಿಯನ್ನರನ್ನು ಕಂಡು ಹೊಸ್ತಿಲಲ್ಲೇ ನಿಂತರು.

“ಇವ್ರಿದ್ದಾರೆ ಅಂತ ನೀವು ಹೇಳ್ಲಿಲ್ಲ.”

“ಕೂತ್ಕೊಳ್ಳಿ ಅಮ್ಮ” ಎಂದರು ಸೋಮಯಾಜಿಗಳು, ಕುರ್ಚಿ ಮುಂದೆ ಸರಿಸಿ. “ಮೊದಲು ಕೇಳಿ. ಜಗಳ ಆಮೇಲೆ ಮಾಡ್ಬಹುದು.”

ಜಲಜಕ್ಕ ಕುರ್ಚಿಯ ತುದಿಯಲ್ಲಿ ಕೂತರು. ಕಡಲಿಗೆ ಅವರ ಮುಖ ಅಲುಗಲಿಲ್ಲ. ಕಡಲು ಅವರಿಗೆ ಹೊಸದೇ? ಬೆಂಕಿ ಚಟಗುಟ್ಟಿದಾಗ ಮಾತ್ರ ಸೆರಗಿನ ತುದಿ ಬಾಯಿಗೆ ಹೋಯಿತು, ಕಣ್ಣು ಬಾಗಿಲ ಕಡೆ ಹೊರಳಿತು. ಎದ್ದು ಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ. ಸೋಮಯಾಜಿಗಳು ನನ್ನನ್ನು ಮಗುಚಿದರು. ಎಲೆ ಅಲುಗಿತು. ಜಲಜಕ್ಕ ತಲೆ ಎತ್ತಿದರು. ಮರ ಬೆಳೆದಂತೆ ಅವರ ಸೆರಗು ಬಾಯಿಂದ ಜಾರಿತು. ಕೊಡಲಿ, ಉಳಿ, ಮರಳಿನ ಮೇಲೆ ದೋಣಿ ಸರಿಯುವ ಸದ್ದು. ಆಮೇಲೆ ಆ ಕೂಗು: “ಐಲೇಸಾ!”

ಜಲಜಕ್ಕ ಥಟ್ಟನೆ ಎದ್ದರು.

“ಅವ್ರು!” ಎಂದರು. “ಇದು ನಮ್ಮವ್ರ ಸ್ವರ!”

“ಹೌದು” ಎಂದರು ಸಿಪ್ರಿಯನ್ನರು ನೆಲ ನೋಡುತ್ತ. “ಹಳೇ ಕ್ಯಾಸೆಟ್ಟಲ್ಲಿ ಇತ್ತು. ನಾವು ಪ್ರಾಯದಲ್ಲಿದ್ದಾಗ ಕಡಲ ಕರೆಯಲ್ಲಿ ದೋಣಿ ನೂಕುವಾಗ ಹಿಡಿದದ್ದು.”

ಸೋಮಯಾಜಿಗಳು ಹಿಂದಿನಿಂದ ಕೈಸನ್ನೆ ಮಾಡಿದರು, ಆ ತಪ್ಪಿನ ವಿಷಯ ಈಗ ಹೇಳಬೇಡಿ ಎಂದು. ಸಿಪ್ರಿಯನ್ನರು ಸನ್ನೆ ನೋಡಿದರು, ಆದರೂ ಹೇಳಿದರು.

“ಜಲಜಾ, ಸುಳ್ಳು ಬೇಡ. ನಾನು ಹೀಗೆ ಮಾಡಿದ್ದಲ್ಲ. ನನ್ನ ಕಥೆಯಲ್ಲಿ ಈ ಸ್ವರ ನಡುವೆ ಬಂದು ಹೋಗ್ತದೆ. ಕೊನೆಗೆ ಬೆಂಕಿ. ಬೆಂಕಿಯಲ್ಲೇ ಮುಗಿಸಿದ್ದೆ. ಫ್ಯಾಕ್ಟರಿಯವ್ರು ಕಾಗದ ತಪ್ಪಿ ಅಂಟಿಸಿದ್ದಕ್ಕೆ ಹೀಗಾಯ್ತು. ಈ ಮರ ನನ್ನ ಪುಣ್ಯದಿಂದ ಬೆಳೆದದ್ದಲ್ಲ.”

ಕೋಣೆಯಲ್ಲಿ ಮುಳ್ಳು ನನ್ನ ನುಣುಪಿನ ಮೇಲೆ ಕರಕರ ಸುತ್ತುತ್ತಿತ್ತು. ಎತ್ತಲು ಯಾರಿಗೂ ನೆನಪಾಗಲಿಲ್ಲ. ಜಲಜಕ್ಕ ಸಿಪ್ರಿಯನ್ನರನ್ನೇ ನೋಡುತ್ತಿದ್ದರು. ಮುಖ ಕಲ್ಲಾಗಿತ್ತು. ಆಮೇಲೆ ಆ ಕಲ್ಲಿನ ಒಂದು ಮೂಲೆಯಲ್ಲಿ ನಗು ಒಡೆಯಿತು.

“ಇಷ್ಟು ವರ್ಷ ಗೆಳೆಯ ಆಗಿ ನಿಮಗೆ ಗೊತ್ತಾಗ್ಲಿಲ್ಲ. ಆ ಫ್ಯಾಕ್ಟರಿಗೆ ಗೊತ್ತಾಯ್ತಲ್ಲ ಸಿಪ್ರಿಯಣ್ಣ, ನಮ್ಮವ್ರನ್ನು ಎಲ್ಲಿ ನಿಲ್ಲಿಸ್ಬೇಕು ಅಂತ!”

ಸಿಪ್ರಿಯನ್ನರು ಮುಖ ಮುಚ್ಚಿಕೊಂಡು ಮಗುವಿನ ಹಾಗೆ ಅತ್ತರು.

“ಅಳ್ಬೇಡಿ, ಸಾಕು” ಎಂದರು ಜಲಜಕ್ಕ. “ಕಿಸೆಯಲ್ಲಿ ಮೆಷಿನ್ ಇಟ್ಟದ್ದು ಇಟ್ಟದ್ದೇ, ಅದನ್ನು ನಾನು ಮರೆಯುದಿಲ್ಲ. ಆದ್ರೆ ಆದಿತ್ಯವಾರ ಊಟಕ್ಕೆ ಬನ್ನಿ. ಬಂಗುಡೆ ಮೀನಿನ ಸಾರು ಮಾಡ್ತೇನೆ. ಬರುವಾಗ ಅವ್ರನ್ನೂ ಕರ್ಕೊಂಡು ಬನ್ನಿ.” ಅವರ ಬೆರಳು ನನ್ನನ್ನು ತೋರಿಸುತ್ತಿತ್ತು.

ಸೋಮಯಾಜಿಗಳು ಮುಂದಿನ ವಾರ ಇದ್ದದ್ದನ್ನು ಇದ್ದ ಹಾಗೆ ಬರೆದರು. ಮತ್ತೆ ಗದ್ದಲ. ಯಾವುದು ನಿಜವಾದ ‘ಹೆಬ್ಬಲಸು’ ಎಂದು ಬಲ್ಲವರು ಕಚ್ಚಾಡಿದರು. ಆ ಎಳೆಯ ವಿಮರ್ಶಕಿ ಒಂದು ತಟ್ಟೆ ತರಿಸಿ, ತಪ್ಪು ಕ್ರಮದಲ್ಲಿ ಕೇಳಿ, ಏನೂ ಬರೆಯಲಾರದೆ ಸುಮ್ಮನಾದಳಂತೆ. ಕಾರ್ಖಾನೆಯವರು ಬಿಲ್ಲೆ ತಿದ್ದಿ ಹೊಸ ತಟ್ಟೆ ಮಾಡಿಕೊಡುತ್ತೇವೆ ಎಂದು ಕೈ ಮುಗಿದರು. ಸಿಪ್ರಿಯನ್ನರು ಬೇಡ ಎಂದರು.

ಈಗ ನಾನು ಸಸಿಹಿತ್ಲಿನಲ್ಲಿದ್ದೇನೆ. ಸೋಮಯಾಜಿಗಳು ತಮ್ಮ ಪ್ಲೇಯರನ್ನೂ ನನ್ನ ಜೊತೆ ಕೊಟ್ಟುಬಿಟ್ಟರು. ದೇವರ ಪಟದ ಪಕ್ಕ, ವಾಮನನ ಫೋಟೋದ ಕೆಳಗೆ ನನ್ನ ಜಾಗ. ಉಪ್ಪುಗಾಳಿಗೆ ಬಿಲ್ಲೆಯ ಹಳದಿ ಮಾಸಿದೆ. ‘ಒಂದು’ ಯಾವುದು ‘ಎರಡು’ ಯಾವುದು ಎಂದು ಈಗ ಯಾರಿಗೂ ಓದಲು ಬರದು. ನನಗೆ ಅದರ ದುಃಖವಿಲ್ಲ. ತಿರುಗುವುದು ನನ್ನ ಕೆಲಸ. ಎಲ್ಲಿ ಶುರು, ಎಲ್ಲಿ ಕೊನೆ ಎಂಬುದನ್ನು ತಿರುಗಿಸುವ ಕೈಗೆ ಬಿಟ್ಟಿದ್ದೇನೆ.

ವಯಸ್ಸಾಯಿತು. ಮೈಗೆ ಗೀರು ಬಿದ್ದಿದೆ. ಹೆಚ್ಚು ಸವೆದದ್ದು ದೋಣಿ ನೀರಿಗಿಳಿಯುವ ಜಾಗ. ಅಲ್ಲಿಗೆ ಬಂದರೆ ಮುಳ್ಳು ಮುಂದೆ ಹೋಗುವುದಿಲ್ಲ, ಅದೇ ಗೆರೆಯಲ್ಲಿ ಸುತ್ತುತ್ತದೆ. “ಐಲೇಸಾ... ಐಲೇಸಾ... ಐಲೇಸಾ...” ಆದಿತ್ಯವಾರ ಊಟ ಮುಗಿಸಿ ಕೂತ ಸಿಪ್ರಿಯನ್ನರು ಎತ್ತೋಣವೆಂದು ಕೈ ಚಾಚುತ್ತಾರೆ. ಜಲಜಕ್ಕ ಬಿಡುವುದಿಲ್ಲ.

“ಇರ್ಲಿ, ಅವ್ರು ನೂಕ್ಲಿ” ಎನ್ನುತ್ತಾರೆ. “ದೋಣಿಗೆ ಇನ್ನೂ ನೀರು ಸಿಕ್ಕಿಲ್ಲ.”