ಮಾತಾಡುವಷ್ಟು ನಿಧಾನ

ಪ್ರತಿ ಬೀದಿಯಲ್ಲೂ ಇಂಥವರು ಒಬ್ಬರಾದರೂ ಇರುತ್ತಾರೆ. ಒಂದು ಬೆಳಿಗ್ಗೆ ಇದ್ದಕ್ಕಿದ್ದ ಹಾಗೆ ಬೂಟು ಕಟ್ಟಿಕೊಂಡು ಓಡಲು ಹೊರಡುತ್ತಾರೆ. ನಾಲ್ಕು ದಿನ ಹುರುಪೋ ಹುರುಪು. ಆಮೇಲೆ ಮೊಣಕಾಲು ಹಿಡಿದುಕೊಂಡು ಕೂರುತ್ತಾರೆ, ಬೂಟು ಮಂಚದ ಕೆಳಗೆ ಸೇರುತ್ತದೆ. ನೋಡಿದವರು ನಕ್ಕು ಸುಮ್ಮನಾಗುತ್ತಾರೆ.

ನಮ್ಮ ಬೀದಿಯ ಬಡಗಿಯ ಓಟ ನೋಡಿ ಅವನ ಹೆಂಡತಿಗೆ ಮಾತ್ರ ನಗು ಬರುವಂತಿರಲಿಲ್ಲ.

ಒಬ್ಬಳೇ ಮಗಳು ಉಬ್ಬಸದಿಂದ ತೀರಿಕೊಂಡ ಮೇಲೆ ಆ ಮನುಷ್ಯ ತಿಂಗಳುಗಟ್ಟಲೆ ಗೋಡೆಗೆ ಮುಖ ಮಾಡಿ ಮಲಗಿದ್ದ. ಉಳಿ, ಗರಗಸಕ್ಕೆ ತುಕ್ಕು ಹಿಡಿಯಿತು. ಆರೋಗ್ಯ ಕೇಂದ್ರದ ನರ್ಸಮ್ಮ ಬಂದು ನೋಡಿ, "ಮೈಗೆ ಕಾಯಿಲೆ ಇಲ್ಲ, ಮನಸ್ಸು ಸೋತಿದೆ. ಹೊರಗೆ ನಡೀರಿ, ಆಗೋದಾದ್ರೆ ಓಡಿ" ಎಂದರು. ಎಷ್ಟೋ ದಿನಗಳ ಮೇಲೆ ಅವನು ತಾನಾಗಿ ಎದ್ದ. "ನಾಲೆ ದಾರೀಲಿ ಸೇತುವೆವರೆಗೂ ಓಡಿ ಬರ್ತೀನಿ, ಒಂದಲ್ಲ ಒಂದು ದಿನ" ಎಂದ. ಅವನ ಬಾಯಿಂದ ಒಂದು ಪೂರ್ತಿ ಮಾತು ಕೇಳಿಯೇ ಅವಳಿಗೆ ಕಣ್ಣು ತುಂಬಿತ್ತು.

ಆದರೆ ಅವನು ಓಡುತ್ತಿದ್ದ ರೀತಿ! ಹುಚ್ಚುನಾಯಿ ಅಟ್ಟಿಸಿಕೊಂಡು ಬಂದ ಹಾಗೆ. ನಾಲೆ ದಾರಿಯ ಪಂಪ್‌ಹೌಸ್ ತಲುಪುವಷ್ಟರಲ್ಲಿ ಉಸಿರು ಕಟ್ಟಿ, ಬಗ್ಗಿ ವಾಂತಿ ಮಾಡಿಕೊಂಡು, ಕುಂಟುತ್ತಾ ವಾಪಸ್ಸು ಬರುವುದು. ಎರಡು ದಿನ ಓಟ, ಒಂದು ವಾರ ಮಂಚ. ಈ ಸಲ ಅವನು ಮತ್ತೆ ಗೋಡೆಯ ಕಡೆ ತಿರುಗಿದ್ದನ್ನು ಅವಳು ನೋಡಿದಳು. ಇದನ್ನೂ ಕೈಬಿಟ್ಟರೆ ಇವರು ಇನ್ನು ಏಳುವುದಿಲ್ಲ ಎಂದುಕೊಂಡಳು.

ಪಕ್ಕದ ಮನೆಯವನು ನಿವೃತ್ತ ಬಸ್ ಕಂಡಕ್ಟರ್. ತಲೆ ಪೂರಾ ಬೆಳ್ಳಗಾಗಿದ್ದರೂ ದೂರದ ಓಟ ಬಿಡದವನು. ಅವಳು ಹೊಲಿಗೆ ಅಲ್ಲಿಗೇ ನಿಲ್ಲಿಸಿ ಹೋಗಿ ಅವನನ್ನು ಕರೆದಳು.

"ಕಂಡಕ್ಟರಣ್ಣ, ಈ ಓಟ ಬೇಡ ಅಂತ ನೀವಾದ್ರೂ ಹೇಳಿ. ಬಂದು ಅವರ ಕಾಲು ನೋಡಿ, ಬೆರಳೆಲ್ಲ ರಕ್ತ. ಒಂದು ಜೀವ ಹೋಗಿದ್ದು ಸಾಲದಾ ನಂಗೆ?"

ಕಂಡಕ್ಟರ್ ಬಂದು ಮಂಚದ ಅಂಚಿಗೆ ಕೂತ. "ಏನಪ್ಪಾ ಮೇಸ್ತ್ರಿ, ಗಾಡೀನ ಡಿಪೋಗೆ ಹಾಕಿಬಿಟ್ಯಾ?"

"ನನ್ ಕೈಲಿ ಆಗಲ್ಲಣ್ಣ. ಅಷ್ಟು ಗಟ್ಟಿ ಮನಸ್ಸಿಲ್ಲ ನಂಗೆ."

"ಗಟ್ಟಿ ಮನಸ್ಸು ಅಂದ್ರೆ ಹಲ್ಲು ಕಚ್ಚೋದು ಅಂದ್ಕೊಂಡಿದ್ದೀಯ. ಹಲ್ಲು ಕಚ್ಕೊಂಡು ಎಷ್ಟು ದಿನ ಓಡ್ತೀಯ? ಹಲ್ಲು ಹೋಗುತ್ತೆ, ಅಷ್ಟೆ." ತನ್ನ ಬೊಚ್ಚುಬಾಯಿ ತೆರೆದು ತೋರಿಸಿದ. ಬಡಗಿ ನಗಲಿಲ್ಲ.

"ಕೇಳಿಲ್ಲಿ. ಹುರುಪು ಅನ್ನೋದು ನೆಂಟ ಇದ್ದ ಹಾಗೆ, ಉಂಡು ಹೊರಟುಹೋಗುತ್ತೆ. ಆಮೇಲೆ ನಮ್ಮನ್ನ ಓಡಿಸೋದು ಅಭ್ಯಾಸ. ಮನಸ್ಸಿಲ್ಲದ ದಿನ ಬೂಟು ಹಾಕ್ಕೊಂಡು ಬಾಗಿಲಾಚೆ ಬಾ ಸಾಕು, ನಡ್ಕೊಂಡೇ ಹೋಗು. ಒಂದು ದಿನ ಓಡಿದ್ರೆ ಇನ್ನೊಂದು ದಿನ ಕಾಲಿಗೆ ರಜೆ. ಅದು ಸೋಮಾರಿತನ ಅಲ್ಲ. ಇನ್ನು ಸೇತುವೆ ಸೇತುವೆ ಅಂತ ಜಪ ಮಾಡ್ಬೇಡ. ನಮ್ ಡ್ರೈವರ್ ಕೊನೇ ಸ್ಟಾಪ್ ನೆನೆಸ್ಕೊಂಡು ಅಳ್ತಾ ಗಾಡಿ ಓಡಿಸ್ತಿದ್ನಾ? ಮುಂದಿನ ಸ್ಟಾಪ್ ಬಂದ್ರೆ ಸಾಕು ಅಂತಿದ್ದ. ನೀನೂ ಮುಂದಿನ ಕಂಬ ನೋಡು. ಮತ್ತೆ, ಬಾಯ್ತುಂಬ ಮಾತಾಡೋಕೆ ಆಗೋ ಅಷ್ಟು ನಿಧಾನಕ್ಕೆ ಓಡು. ಮಾತು ಮಧ್ಯದಲ್ಲಿ ಕಡಿದುಹೋದ್ರೆ ವೇಗ ಜಾಸ್ತಿ ಆಯ್ತು ಅಂತ ತಿಳ್ಕೋ."

"ಯಾರ ಹತ್ರ ಮಾತಾಡ್ಲಿ?"

ಕಂಡಕ್ಟರ್ ಅವಳ ಕಡೆ ನೋಡಿದ.

"ನಾನಾ? ಚೆನ್ನಾಗಿದೆ! ಮಗು ಹೋಗಿ ವರ್ಷ ತುಂಬಿಲ್ಲ, ಗಂಡ ಹೆಂಡ್ತಿ ಸವಾರಿ ಹೊರಟ್ರು ಅಂತ ಜನ ಆಡ್ಕೊಳ್ಳಲ್ವಾ?"

"ಆಡ್ಕೊಳ್ತಾರೆ. ಟಿಕೆಟ್ ತಗೊಳ್ದೆ ಬಾಯಿ ಮಾಡೋರು ಎಲ್ಲ ಬಸ್ಸಲ್ಲೂ ಇರ್ತಾರೆ ತಂಗಿ. ನನ್ ಸೈಕಲ್ ತಗೊಂಡ್ಹೋಗು."

ಕಾಲಿನ ಗಾಯ ಮಾಗಿದ ಮೇಲೆ ಒಂದು ಬೆಳಿಗ್ಗೆ ಅವಳೂ ಹೊರಟಳು. ಅವಳಿಗೆ ನಂಬಿಕೆಯೇನೂ ಇರಲಿಲ್ಲ. ಇವರು ಎಲ್ಲಾದರೂ ಬಿದ್ದರೆ ಎತ್ತಲು ಒಬ್ಬರು ಬೇಕಲ್ಲ, ಅಷ್ಟೆ. ಮದುವೆಗೆ ಮುಂಚೆ ಸೈಕಲ್ ತುಳಿದದ್ದು. ಹ್ಯಾಂಡಲ್ ಅತ್ತಿತ್ತ ಓಲಾಡಿತು. ಎದುರಿಗೆ ಬಂದ ಹಾಲಿನವನು, "ಅಕ್ಕಾ, ನಾಲೆ ತುಂಬ ನೀರಿದೆ, ಹುಷಾರು!" ಎಂದು ನಕ್ಕ.

ಬಡಗಿ ಬಾಣದ ಹಾಗೆ ಮುಂದೆ ಹೋಗಿಬಿಟ್ಟಿದ್ದ.

"ರೀ, ನಿಧಾನ! ನಂಗೆ ಇಳಿಯೋಕೂ ಬರ್ತಿಲ್ಲ, ಬಿಟ್ಟು ಹೋಗ್ಬೇಡಿ!"

ಅವನು ವೇಗ ಇಳಿಸಿದ. ಅವಳು ಪಕ್ಕಕ್ಕೆ ಬಂದಳು. ಹ್ಯಾಂಡಲ್ ನೇರ ಮಾಡಿಕೊಂಡು ಹೇಳಿದಳು:

"ಏನಾದ್ರೂ ಮಾತಾಡಿ, ಕಂಡಕ್ಟರಣ್ಣ ಹೇಳಿದ್ದಾರಲ್ಲ."

"ಏನು ಮಾತಾಡ್ಲಿ?"

"ಆ ಕಂಬ ಯಾವ ಮರದ್ದು ಅಂತಾದ್ರೂ ಹೇಳಿ."

"ಅದು ಸಿಮೆಂಟಿಂದು ಕಣೆ."

ಹೀಗೇ ಕೆಲವು ವಾರ ನಡೆಯಿತು. ಅವನಿಗೆ ವಾಂತಿ ನಿಂತಿತು, ರಾತ್ರಿ ನಿದ್ದೆ ಹತ್ತತೊಡಗಿತು. ಆದರೂ ನಿಧಾನವಾಗಿ ಓಡುವಾಗಲೆಲ್ಲ ಅವನ ಮುಖ ಬಿಗಿದುಕೊಳ್ಳುವುದನ್ನು ಅವಳು ಗಮನಿಸಿದ್ದಳು. ಮೊದಲ ಸಲ ಪಂಪ್‌ಹೌಸ್ ದಾಟಿದ ದಿನ ಅವನಾಗಿಯೇ ಬಾಯಿ ಬಿಟ್ಟ.

"ಜೋರಾಗಿ ಓಡಿದ್ರೆ ಏನೂ ನೆನಪಾಗಲ್ಲ. ನಿಧಾನ ಮಾಡಿದ್ರೆ ಆ ಮಧ್ಯಾಹ್ನ ಹಿಂದೆ ಬರುತ್ತೆ."

ಆ ಮಧ್ಯಾಹ್ನ ಮಗುವಿಗೆ ಉಸಿರು ಸಿಕ್ಕಿಹಾಕಿಕೊಂಡಿತ್ತು. ಫೋನ್ ಮಾಡಿದರೂ ಆಂಬುಲೆನ್ಸ್ ಬರಲಿಲ್ಲ. ಬಡಗಿ ಬರಿಗಾಲಲ್ಲೇ ದೊಡ್ಡ ರಸ್ತೆಗೆ ಓಡಿ, ಯಾರದೋ ಕಾರು ನಿಲ್ಲಿಸಿ ಕರೆತಂದಿದ್ದ. ಅಷ್ಟರಲ್ಲಿ ಮುಗಿದಿತ್ತು.

"ನಾನು ಒಳಗೆ ಬಂದಾಗ ನೀನು 'ಇಷ್ಟು ಹೊತ್ತಾ' ಅಂದೆ. ಬೂಟು ಕಟ್ಟಿದ ತಕ್ಷಣ ಕಿವೀಲಿ ಅದೇ. ಇನ್ನೂ ಸ್ವಲ್ಪ ಜೋರಾಗಿ ಓಡಿದ್ರೆ ಸಿಕ್ತಿದ್ಲೇನೋ."

ಅವಳಿಗೆ ಹಾಗಂದದ್ದು ನೆನಪೇ ಇರಲಿಲ್ಲ. ಸೈಕಲ್ ನಿಲ್ಲಿಸಿ ಒಂದು ಕಾಲು ನೆಲಕ್ಕೆ ಊರಿದಳು.

"ಅಂದಿರ್ತೀನಿ. ಯಾರನ್ನಾದ್ರೂ ಬೈಬೇಕಿತ್ತು ನಂಗೆ, ನೀವು ಎದುರಿಗೆ ಬಂದ್ರಿ. ನೀವು ಬೀದಿ ತಿರುವು ದಾಟೋ ಮುಂಚೆನೇ ಅವಳ ಕೈ ಸಡಿಲ ಆಗಿತ್ತು ರೀ. ನಂಗೆ ಗೊತ್ತಾಯ್ತು, ನಾನೇ ಒಪ್ಕೊಳ್ಳಲಿಲ್ಲ. ನಿಮಗೂ ಹೇಳಲಿಲ್ಲ. ಯಾವ ಕಾಲು ಓಡಿದ್ರೂ ಆಗ್ತಿರಲಿಲ್ಲ."

ಅವನು ನಾಲೆಯ ಕಟ್ಟೆಯ ಮೇಲೆ ಕುಸಿದು ಕೂತು ಅತ್ತ. ಮಗು ಹೋದ ದಿನವೂ ಹಾಗೆ ಅತ್ತಿರಲಿಲ್ಲ. ಆ ದಿನ ಓಟ ಅಷ್ಟಕ್ಕೇ ನಿಂತಿತು. ಸೈಕಲ್ ತಳ್ಳಿಕೊಂಡು ಇಬ್ಬರೂ ನಡೆದೇ ಮನೆಗೆ ಬಂದರು.

ದುಃಖ ಅಲ್ಲಿಗೆ ತೀರಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಸೇತುವೆ ಮುಟ್ಟಲು ಮುಂದಿನ ಬೇಸಿಗೆ ಬರಬೇಕಾಯಿತು. ಮುಟ್ಟಿದ ದಿನ ಇಬ್ಬರೂ ಕಂಬಿ ಹಿಡಿದು ನಿಂತು, ಮಗಳು ಇದ್ದಿದ್ದರೆ ಈಗ ಎಷ್ಟು ಎತ್ತರ ಆಗಿರುತ್ತಿದ್ದಳು ಎಂದು ಮಾತಾಡಿಕೊಂಡರು. ಬಡಗಿ ಈಗ ಕೆಲಸಕ್ಕೆ ಹೋಗುತ್ತಾನೆ, ದಿನ ಬಿಟ್ಟು ದಿನ ಓಡುತ್ತಾನೆ. ಓಟ ಬೇಡವೆಂದವಳೇ ಮೊದಲು ಎದ್ದು ಸೈಕಲ್ ಹೊರಗಿಡುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ದೂರ ಓಡಬೇಕೆಂಬ ಆಸೆಯಿದ್ದರೆ ನಿಧಾನವಾಗಿ ಶುರು ಮಾಡಿ. ಕಾಲಿಗೆ ಬಿಡುವು ಕೊಡಿ. ತಪ್ಪಿಹೋದ ದಿನಕ್ಕಾಗಿ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ, ಮರುದಿನ ಹೊರಡಿ. ಎದೆ ನೋವು, ತಲೆ ಸುತ್ತು ಬಂದರೆ ನಿಂತು, ವೈದ್ಯರಿಗೆ ತೋರಿಸಿ. ನೋವನ್ನು ನುಂಗಿಕೊಂಡು ಓಡಿದವರು ಬಹಳ ದೂರ ಹೋಗುವುದಿಲ್ಲ. ವಾರಗಟ್ಟಲೆ ಊಟ ನಿದ್ದೆ ಸೇರದಿದ್ದರೆ ಆರೋಗ್ಯ ಕೇಂದ್ರಕ್ಕೆ ಹೋಗಿ ಹೇಳಿಕೊಳ್ಳಿ. ಅದರಲ್ಲಿ ನಾಚಿಕೆಯೇನಿಲ್ಲ.

ಗುರುತಿನವರು ಯಾರಾದರೂ ಒಂಟಿಯಾಗಿ ಓಡುವುದು ಕಂಡರೆ, ನಾಳೆ ಒಂದಿಷ್ಟು ದೂರ ಅವರ ಜೊತೆಗೆ ಹೋಗಿ. ಏನೂ ಕೇಳಬೇಡಿ. ಮಾತು ಅವರಿಂದಲೇ ಬರಲಿ.