ಮೂರು ಲೋಟ, ಒಂದು ಗುಂಡಿ

ಗಣಿತದ ಮೇಷ್ಟ್ರು ಮಂಡಿ ಆಪರೇಷನ್‌ಗೆಂದು ರಜೆ ಹಾಕಿದಾಗ, ಹುಡುಗಿಯರ ಶಾಲೆಯ ಒಂಬತ್ತನೇ ತರಗತಿಯ ಸಂಭವನೀಯತೆ ಪಾಠ ಬಂದು ಬಿದ್ದದ್ದು ಹೊಲಿಗೆ ಟೀಚರ್ ತಲೆಯ ಮೇಲೆ. ಮೇಷ್ಟ್ರು ಚೀಟಿಯಲ್ಲಿ ಆಟವೊಂದನ್ನು ಬರೆದಿಟ್ಟಿದ್ದರು. ಅದರ ಒಳಗುಟ್ಟು ಮಾತ್ರ ಬರೆದಿರಲಿಲ್ಲ.

ಆಟ ಸುಲಭದ್ದೇ. ಒಬ್ಬಳು ಮೂರು ಲೋಟ ಬೋರಲು ಹಾಕಿ ಒಂದರಡಿ ಗುಂಡಿ ಬಚ್ಚಿಡಬೇಕು. ಜೊತೆಗಾತಿ ಒಂದು ಲೋಟ ಆರಿಸಬೇಕು. ಬಚ್ಚಿಟ್ಟವಳು ಉಳಿದೆರಡರಲ್ಲಿ ಖಾಲಿಯಿರುವ ಒಂದನ್ನು ಎತ್ತಿ ತೋರಿಸುತ್ತಾಳೆ. ಆಮೇಲೆ ಆರಿಸಿದವಳು ತನ್ನ ಲೋಟಕ್ಕೇ ಅಂಟಿಕೊಳ್ಳಬಹುದು, ಇಲ್ಲವೇ ಇನ್ನೊಂದಕ್ಕೆ ಬದಲಾಯಿಸಬಹುದು.

"ಉಳಿಯೋದು ಎರಡೇ ಲೋಟ. ಬದಲಾಯಿಸಿದ್ರೂ ಅಷ್ಟೇ, ಬಿಟ್ರೂ ಅಷ್ಟೇ. ಅರ್ಧಕ್ಕರ್ಧ," ಎಂದರು ಟೀಚರ್, ತಮ್ಮ ಹೊಲಿಗೆ ಡಬ್ಬಿಯಿಂದ ಗುಂಡಿ ಹಂಚುತ್ತಾ.

ಅರ್ಧ ಗಂಟೆಯಾದ ಮೇಲೆ ಮೊದಲ ಬೆಂಚಿನ ಹುಡುಗಿ ಸೋಲು-ಗೆಲುವು ಬರೆದ ಹಾಳೆ ತಂದಳು. ಶಾಲೆಯೆಲ್ಲ ಅವಳನ್ನು ಕರೆಯುತ್ತಿದ್ದುದು ಮಾತಿನಮಲ್ಲಿ ಎಂದೇ. ಅವಳು ಬಚ್ಚಿಟ್ಟದ್ದು ಮೂವತ್ತು ಸಲ. ಗೆಳತಿ ಪ್ರತಿ ಸಲವೂ ಲೋಟ ಬದಲಾಯಿಸಿ ಇಪ್ಪತ್ತೊಂದು ಸಲ ಗೆದ್ದಿದ್ದಳು.

"ಕಣ್ಸನ್ನೆ ಮಾಡಿದ್ದೀಯ."

"ಇಲ್ಲ ಟೀಚರ್. ನಾನು ಗೋಡೆ ನೋಡ್ತಿದ್ದೆ."

"ಸುಳ್ಳು ಬೇರೆ. ಹೊರಗೆ ನಿಲ್ಲು."

ಮಾತಿನಮಲ್ಲಿ ತುಟಿಪಿಟಿಕ್ಕೆನ್ನದೆ ಹೋದಳು. ಅದೇ ಟೀಚರ್‌ಗೆ ಚುಚ್ಚಿತು. ಉಳಿದ ಹಾಳೆಗಳನ್ನು ತಿರುವಿದರೆ, ಬದಲಾಯಿಸಿದವರು ಮೂವತ್ತರಲ್ಲಿ ಗೆದ್ದದ್ದು ಇಪ್ಪತ್ತು, ಹತ್ತೊಂಬತ್ತು, ಇಪ್ಪತ್ತೆರಡು; ಬದಲಾಯಿಸದವರದು ಹತ್ತರ ಆಸುಪಾಸು. ಇಡೀ ತರಗತಿಯೇ ಸೇರಿಕೊಂಡು ಮೋಸ ಮಾಡಿತೇ?

ಸಂಜೆ ಮನೆಯಲ್ಲಿ ಅತ್ತೆಯನ್ನು ಎದುರು ಕೂರಿಸಿಕೊಂಡು ಟೀಚರ್ ತಾವೇ ಗುಂಡಿ ಬಚ್ಚಿಟ್ಟರು. ಅತ್ತೆಗೆ ಕಣ್ಣು ಮಂಜು, ಯಾರು ಸನ್ನೆ ಮಾಡಿದರೂ ಕಾಣದು. ಅವರು ಮೂವತ್ತು ಸಲವೂ ತಡವಿಕೊಂಡು ಲೋಟ ಬದಲಾಯಿಸಿದರು. ಇಪ್ಪತ್ತು ಸಲ ಗೆದ್ದರು.

"ಇದ್ರಿಂದ ಏನು ಗೊತ್ತಾಗ್ಬೇಕಮ್ಮ?"

"ನಂಗೂ ಗೊತ್ತಿಲ್ಲ ಅತ್ತೆ."

ಮರುದಿನ ಟೀಚರ್ ಎಲ್ಲರೆದುರು ಮಾತಿನಮಲ್ಲಿಗೆ ಹೇಳಿದರು: "ನಿನ್ನೆ ತಪ್ಪು ನಂದು. ನೀನು ಮೋಸ ಮಾಡಿರ್ಲಿಲ್ಲ. ಆದ್ರೆ ಯಾಕೆ ಹೀಗಾಗುತ್ತೆ ಅಂತ ನಂಗಿನ್ನೂ ತಿಳೀತಿಲ್ಲ."

ಮಾತಿನಮಲ್ಲಿ ಎದ್ದಳು. "ಮೊದ್ಲು ಆರಿಸ್ದಾಗ ಮೂರರಲ್ಲಿ ಎರಡು ಸಲ ತಪ್ಪೇ ಆಗುತ್ತಲ್ವಾ ಟೀಚರ್? ತಪ್ಪಾದಾಗೆಲ್ಲ ಬಚ್ಚಿಟ್ಟವ್ರು ಎತ್ತೋದು ಇನ್ನೊಂದು ಖಾಲಿ ಲೋಟ. ಹಾಗಾದ್ರೆ ಗುಂಡಿ ಉಳಿದಿದ್ರಲ್ಲೇ ಇರ್ಬೇಕು."

"ಹೌದಲ್ಲ," ಎಂದರು ಟೀಚರ್. ಒಂದು ಗಳಿಗೆ ಎಲ್ಲ ನಿಚ್ಚಳವಾಯಿತು.

"ಆದ್ರೂ ಕೊನೆಗೆ ಇರೋದು ಎರಡೇ ಅಲ್ವಾ?" ಎಂದಿತು ಹಿಂದಿನ ಬೆಂಚು.

ಈಗಷ್ಟೇ ಟೀಚರ್ ಕೈಗೆ ಸಿಕ್ಕಿದ್ದು ಜಾರಿಹೋಗಿತ್ತು. ಅವರು ಸೀಮೆಸುಣ್ಣವನ್ನು ಮಾತಿನಮಲ್ಲಿಗೆ ಕೊಟ್ಟು, ಅವಳ ಜಾಗದಲ್ಲಿ ಹೋಗಿ ಕುಳಿತರು.

"ಇನ್ನೊಂದ್ಸಲ ಹೇಳು," ಎಂದರು. "ನಿಧಾನಕ್ಕೆ."