ಅರಸನ ಎಡಗಾಲಿಗೆ ವಿಮೆ

ಅಂಪೋಮಾ, ಬುಸುವಾ ಎಂಬ ಊರಿನ ಕಡಲ ದಂಡೆಯ ಮನೆಯೊಂದನ್ನು ಮೂರು ದಿನದ ಬಾಡಿಗೆಗೆ ಫೋನಿನಲ್ಲೇ ಗೊತ್ತುಮಾಡುವಾಗ ಕೊನೆಗೊಂದು ಪ್ರಶ್ನೆ ಬಂದಿತ್ತು: ಪ್ರಯಾಣ ವಿಮೆ ಬೇಕೆ? ಅವಳು ‘ಬೇಕು’ ಎಂದು ಒತ್ತಿದಳು. ಪಕ್ಕದಲ್ಲಿದ್ದ ದಾಬೊ ಅಜ್ಜ ಕಿಸಕ್ಕನೆ ನಕ್ಕ.

“ಮೂರು ದಿನ ಸಮುದ್ರ ನೋಡಕ್ಕೂ ವಿಮೆನಾ? ನಾಳೆ ಸಾರು ಕುಡಿಯೋಕೂ ಮಾಡಿಸ್ತೀಯ ಬಿಡವ್ವ!”

ಈ ದಾಬೊ ಅಜ್ಜನ ಬಾಯಿ ಸಾಮಾನ್ಯದ ಬಾಯಲ್ಲ, ಅಸುಬೊನಿ ಎಂಬ ಊರಿನ ಅರಸನ ಅಧಿಕೃತ ಬಾಯಿ. ಅರಸನಾದವನು ಹೊರಗಿನವರೊಡನೆ ನೇರವಾಗಿ ಮಾತಾಡುವಂತಿಲ್ಲ. ಅವನು ಎರಡು ಮಾತು ಗೊಣಗಬೇಕು, ದಾಬೊ ಅದನ್ನು ಇಪ್ಪತ್ತು ಮಾಡಿ, ಮೇಲೊಂದು ಗಾದೆ ಮುಡಿಸಿ ಹೊರಗೆ ಬಿಡಬೇಕು. ನಲವತ್ತು ವರ್ಷದಿಂದ ಇದೇ ಕೆಲಸ. ಈಗಂತೂ ಹೆಂಡತಿ ಉಪ್ಪು ಕೇಳಿದರೂ ಪೀಠಿಕೆ ಹಾಕದೆ ಕೊಡುವವನಲ್ಲ.

ಅರಸ ನಾನಾ ಅಡುಸೆಯ್ ಅಂಪೋಮಾಳ ಸೋದರಮಾವ; ‘ನಾನಾ’ ಎಂಬುದು ಅಲ್ಲಿ ಅರಸರನ್ನು ಕರೆಯುವ ಗೌರವದ ಮಾತು. ಎಪ್ಪತ್ತೊಂದು ವರ್ಷವನ್ನು ಕೋಕೋ ತೋಟದಲ್ಲೇ ಕಳೆದ ಮನುಷ್ಯ. ಸಮುದ್ರದಲ್ಲಿ ಕಾಲಾಡಿಸಬೇಕೆಂಬುದು ಅವನಿಗಿದ್ದ ಒಂದೇ ಆಸೆ. ಮೂರು ವರ್ಷ ಊರ ಹಿರಿಯರನ್ನು ಕಾಡಿ ಬೇಡಿ ಒಪ್ಪಿಸಿದ್ದ. ಅವರು ಹಾಕಿದ್ದು ಒಂದೇ ಕಟ್ಟಳೆ: ಅರಸನ ಬರಿಗಾಲು ನೆಲ ಮುಟ್ಟಕೂಡದು, ಮುಟ್ಟಿದರೆ ಊರಿಗೆ ಕೇಡು. ಅರಸನನ್ನು ಪೀಠದಿಂದ ಇಳಿಸುವಾಗಲೂ ಮೊದಲು ಕೀಳುವುದು ಚಪ್ಪಲಿಯನ್ನೇ. ಭಾನುವಾರ ಊರ ಸಭೆಯಿತ್ತು. ಅಲ್ಲಿಗೆ ಪೀಠದ ಚಪ್ಪಲಿಯಿಲ್ಲದೆ ಹೋದರೆ ಮುಗಿಯಿತು. ಅರಸನ ಚಿಕ್ಕಮ್ಮನ ಮಗನೊಬ್ಬ ಆಗಲೇ ಪೀಠದ ಕಡೆ ಓರೆಗಣ್ಣು ಹಾಕಿಕೊಂಡು ಕೂತಿದ್ದ.

ಬುಸುವಾದಲ್ಲಿ ಮೂವರೂ ಮಾಡಿದ್ದು ಒಳನಾಡಿನವರು ಮಾತ್ರ ಮಾಡಬಹುದಾದ ತಪ್ಪು. ಮಂಗಳವಾರ ಬೆಳಿಗ್ಗೆ ನೀರಿಗಿಳಿದರು. ಒಂದು ದೋಣಿಯೂ ಕಡಲಿಗೆ ಹೋಗಿರಲಿಲ್ಲ. ಬೆಸ್ತರೆಲ್ಲ ದಡದಲ್ಲಿ ಬಲೆ ಹೊಲಿಯುತ್ತ ಕೂತಿದ್ದರು.

“ನೋಡಿದ್ರಾ ನಾನಾ,” ಎಂದ ದಾಬೊ, “ತಾವು ಬರ್ತೀರಿ ಅಂತ ಸಮುದ್ರವನ್ನೇ ಖಾಲಿ ಮಾಡಿಸಿದಾರೆ!”

ನಾನಾ ಉಟ್ಟ ಬಟ್ಟೆಯನ್ನು ಮೊಣಕಾಲಿನ ಮೇಲಕ್ಕೆತ್ತಿ, ದೊಡ್ಡ ಕರಿ ಚಪ್ಪಲಿಯ ಸಮೇತ ಹೆಜ್ಜೆಯಿಟ್ಟ. ನೊರೆ ಬಂದು ಕಾಲು ನೆಕ್ಕಿತು. ಅರಸ ‘ಹಿಹಿ’ ಎಂದ. ಎರಡನೆಯ ಅಲೆಗೆ ಇನ್ನೂ ಜೋರಾಗಿ ‘ಹಿಹಿಹಿ’ ಎಂದ. ಮೂರನೆಯ ಅಲೆ ಅವನ ಎಡಗಾಲಿನ ಚಪ್ಪಲಿಯನ್ನು ಕಿತ್ತುಕೊಂಡು ಹಿಂದಿರುಗಿ ನೋಡದೆ ಹೋಯಿತು.

ಎಡಗಾಲು ಗಾಳಿಯಲ್ಲಿ! ಅಂಪೋಮಾ ಒಂದು ರಟ್ಟೆ ಹಿಡಿದಳು, ದಾಬೊ ಇನ್ನೊಂದು ಹಿಡಿದ. ಹತ್ತು ಮಾರು ದೂರದಲ್ಲಿ, ನೀರಿನಂಚಿಗೆ ಕಟ್ಟಿದ್ದ ದೋಣಿಯವರೆಗೆ ಅಸುಬೊನಿಯ ಅರಸ ಕುಂಟೆಬಿಲ್ಲೆ ಆಡಿಕೊಂಡು ಹೋದ. ಹೋಗಿ ದೋಣಿಯೊಳಕ್ಕೆ ದೊಪ್ಪನೆ ಬಿದ್ದ.

“ಯಾರಾದ್ರೂ ಆ ಚಪ್ಪಲಿ ಹಿಡೀರಪ್ಪಾ!” ಎಂದು ಅಂಪೋಮಾ ಕೂಗಿದಳು.

ಯಾರೂ ಏಳಲಿಲ್ಲ. ಬೆಸ್ತರ ಯಜಮಾನ ಎಸ್ಸುಮನ್ ತಲೆಯಾಡಿಸಿದ. “ಇವತ್ತು ಮಂಗಳವಾರ ಕಣಮ್ಮ, ಸಮುದ್ರಕ್ಕೆ ರಜ. ರಜದ ದಿನ ಮನೆಗೆ ನುಗ್ಗಿದ್ರೆ ಯಾರು ಸುಮ್ನಿರ್ತಾರೆ? ದಂಡ ಕಟ್ಟಿಸ್ಕೊಂಡಿದೆ ಅಷ್ಟೆ.”

ಅಂಪೋಮಾ ತನ್ನ ಹವಾಯಿ ಚಪ್ಪಲಿ ಬಿಚ್ಚಿ ಕೊಡಹೋದಳು. ದಾಬೊ ಎದೆ ಹಿಡಿದುಕೊಂಡ. “ಪೀಠದ ಕಾಲಿಗೆ ಇದಾ? ಇದರ ಬದಲು ನನ್ನನ್ನೇ ಸಮುದ್ರಕ್ಕೆ ನೂಕಿಬಿಡು!” ಪೀಠದ ಚಪ್ಪಲಿ ಹೊಲಿಯುವವನು ಕುಮಾಸಿಯಲ್ಲಿ ಒಬ್ಬನೇ ಇದ್ದ, ಅವನೋ ದುಡ್ಡು ಮುಂದಿಡದೆ ಸೂಜಿ ಎತ್ತುವವನಲ್ಲ. ಇವರ ದುಡ್ಡೆಲ್ಲ ಬಾಡಿಗೆಗೆ ಹೋಗಿತ್ತು. ಆಗ ಅವಳಿಗೆ ವಿಮೆ ನೆನಪಾಯಿತು. ಪ್ರವಾಸಿಯ ಅಗತ್ಯದ ವಸ್ತು ಕಳೆದರೆ ಬದಲಿಯನ್ನು ತಕ್ಷಣ ತರಿಸಿಕೊಡುತ್ತೇವೆ ಎಂದು ಅದರಲ್ಲಿತ್ತು.

ಅಕ್ರಾದ ವಿಮೆ ಕಚೇರಿಯಿಂದ ಅರಬಾ ಎಂಬ ಹುಡುಗಿ ಫೋನೆತ್ತಿದಳು. “ಏನು ಕಳೆದಿದೆ ಹೇಳಿ.”

ಅಂಪೋಮಾ ಬಾಯಿ ತೆರೆಯುವಷ್ಟರಲ್ಲಿ ದಾಬೊ ಫೋನು ಕಸಿದುಕೊಂಡ. ಅರಸನ ಸಂಗತಿ, ಅರಸನ ಬಾಯಿಯೇ ಆಡಬೇಕು. “ಕೇಳು ತಾಯಿ! ಚಿನ್ನದ ಹೂವು ಹೊತ್ತು, ನೂರು ಊರು ತುಳಿದ ಪಾದರಕ್ಷೆ...”

“ಚಿನ್ನನಾ? ಒಡವೆಗೆ ನಮ್ಮಲ್ಲಿ ವಿಮೆ ಇಲ್ಲ.”

“ಒಡವೆ ಅಂತ ಯಾರಂದ್ರು? ಅಜ್ಜನ ಅಜ್ಜನ ಕಾಲದಿಂದ ಬಂದಿರೋದು!”

“ಪುರಾತನ ವಸ್ತುಗೂ ಇಲ್ಲ. ಯಾರು ತಗೊಂಡ್ರು?”

“ಒಬ್ಬ ಅರಸನ ಕಾಲಿಗೆ ಇನ್ನೊಬ್ಬ ಅರಸ, ಆ ಕಡಲರಾಯ, ಕೈ ಹಾಕಿದ! ನಮ್ಮವರೂ ಬಿಡಲಿಲ್ಲ, ಸೆಣಸಿದ್ರು!”

“ಓ, ಹೊಡೆದಾಟನಾ? ಅದಕ್ಕಂತೂ ಇಲ್ಲವೇ ಇಲ್ಲ.”

ಅಂಪೋಮಾ ಹಣೆ ಚಚ್ಚಿಕೊಂಡಳು. ಮಾತು ಮನೆ ಕೆಡಿಸಿತು, ತೂತು ಓಲೆ ಕೆಡಿಸಿತು ಅನ್ನುವುದು ಸುಳ್ಳಲ್ಲ. ಇನ್ನೊಂದು ಉಪಮೆ ಬಂದರೆ ಮಾವನ ಪೀಠ ಹೋಗಿ ಆ ಓರೆಗಣ್ಣಿನವನ ಕೆಳಗೆ ಸೇರುತ್ತದೆ ಎಂದು ಅವಳಿಗೆ ಅಳುವೇ ಬಂತು.

ಆಗ ದೋಣಿಯಿಂದ ಒಂದು ಕೈ ಬಂದು ಫೋನು ತೆಗೆದುಕೊಂಡಿತು.

“ನಾನಾ! ಬೇಡಿ! ಬಾಯಿ ನಾನಿದ್ದೀನಲ್ಲ!” ಎಂದು ದಾಬೊ ಚೀರಿದ.

“ಅದಕ್ಕೇ,” ಎಂದ ಅರಸ. ಆಮೇಲೆ ಹುಟ್ಟಿದಾರಭ್ಯ ಫೋನು ಕಾಣದವನಂತೆ ಗಟ್ಟಿಯಾಗಿ ಹೇಳಿದ: “ಮಗಳೇ, ನಾನು ಅಡುಸೆಯ್. ಅದು ಚಿನ್ನ ಅಲ್ಲ, ಮರದ ಹೂವಿಗೆ ಬಣ್ಣ ಹಚ್ಚಿರೋದು. ಹೋದ ವರ್ಷ ಹೊಲಿಸಿದ್ದು. ಮಂಗಳವಾರ ಅಂತ ತಿಳೀದೆ ನೀರಿಗಿಳಿದೆ, ಅಲೆ ತಗೊಂಡು ಹೋಯ್ತು. ಚಪ್ಪಲಿ ಇಲ್ದೆ ನಾನು ಕಾಲು ಕೆಳಗಿಡಂಗಿಲ್ಲ, ಊರಿಗೂ ಹೋಗಂಗಿಲ್ಲ. ಇಷ್ಟೆ ಕಣಮ್ಮ.”

ಆ ತುದಿಯಲ್ಲಿ ಕುರ್ಚಿ ಸರಿದ ಸದ್ದಾಯಿತು. ಹುಡುಗಿ ಎದ್ದು ನಿಂತಿದ್ದಳು.

“ನಾನಾ... ತಾವೇನಾ? ಕ್ಷಮಿಸಬೇಕು. ನೋಡಿದವರು ಯಾರಾದ್ರೂ ಇದಾರಾ?”

“ಇಡೀ ಊರೇ ನೋಡಿದೆ!” ಎಂದು ಎಸ್ಸುಮನ್ ದಡದಿಂದಲೇ ಸಾಕ್ಷಿ ನುಡಿದ. ಬೆಸ್ತರೆಲ್ಲ ಹೋ ಎಂದು ನಕ್ಕರು.

“ಅದಿಲ್ದೆ ಊರಿಗೇ ಹೋಗಕ್ಕಾಗಲ್ಲ ಅಂದ್ರೆ ಅದು ಅಗತ್ಯದ ವಸ್ತುನೇ. ಕುಮಾಸಿಯವರಿಗೆ ಈಗಲೇ ದುಡ್ಡು ಕಳಿಸ್ತೀವಿ. ಗುರುವಾರದೊಳಗೆ ನಿಮ್ಮ ಕೈಲಿರುತ್ತೆ ನಾನಾ. ಜೋಡಿನೇ ಕಳಿಸ್ತೀವಿ, ಒಂಟಿ ಚಪ್ಪಲಿ ಯಾರೂ ಹೊಲಿಯಲ್ಲ.”

ಅಂಪೋಮಾ ಸಂತೋಷ ತಾಳಲಾರದೆ ದಾಬೊ ಅಜ್ಜನನ್ನೇ ತಬ್ಬಿಕೊಂಡಳು. ಅಜ್ಜ ಮುಖ ಊದಿಸಿಕೊಂಡು, “ಒಂದು ಗಾದೆನಾದ್ರೂ ಹೇಳಬಹುದಿತ್ತು” ಎಂದ.

ನಾನಾ ಮಾತ್ರ ಫೋನು ಕೊಡಲೇ ಇಲ್ಲ. ಅಂಪೋಮಾ ಆಗ ನೋಡಿದಳು. ಅವನ ಎಡಗಾಲು ದೋಣಿಯ ಅಂಚಿನಿಂದ ಇಳಿಬಿದ್ದಿತ್ತು. ಬರಿಯ ಪಾದ ನೀರಿನಲ್ಲಿ ಪಚಪಚನೆ ಆಡುತ್ತಿತ್ತು. ನೀರು ನೆಲವಲ್ಲವಲ್ಲ! ಮಾವನ ಮುಖದಲ್ಲಿ ಇಂಥ ಸುಖವನ್ನು ಅವಳು ಹುಟ್ಟಿದ ಮೇಲೆ ಕಂಡಿರಲಿಲ್ಲ.

“ಮಗಳೇ,” ಎಂದ ಅರಸ ದನಿ ತಗ್ಗಿಸಿ, ತನ್ನ ಬಲಗಾಲನ್ನೇ ನೋಡುತ್ತ. “ಜೋಡಿ ಬರುತ್ತೆ ಅಂದೆಯಲ್ಲ. ಈ ಇನ್ನೊಂದನ್ನ ನಾನೇ ಬಿಚ್ಚಿಟ್ರೆ ನಿಮ್ಮ ಕಡೆಯಿಂದ ಏನೂ ಅಡ್ಡಿ ಇಲ್ಲ ತಾನೆ?”

ಅರಬಾ ನಗು ತಡೆಯಲಾರದೆ ಹೇಳಿದಳು: “ಇಲ್ಲ ನಾನಾ. ನೆಲ ಮಾತ್ರ ಮುಟ್ಟಬೇಡಿ. ಅದಕ್ಕೆ ನಮ್ಮಲ್ಲಿ ವಿಮೆ ಇಲ್ಲ.”

ಬಲಗಾಲೂ ನೀರಿಗಿಳಿಯಿತು.